ಎಲ್ಲರ ಪುಸ್ತಕ, ಕೆಲವರ ಕೈ

(ಕಾರ್ಮಿಕರ ವಾಚನಾಲಯದ ಭಾನುವಾರದ ಕೂಟದಲ್ಲಿ ಮಾಡಿದ ಭಾಷಣ)



ಸಂಘದ ಪಟ್ಟಿಯಲ್ಲಿ ಸಾವಿರ ಹೆಸರು. ಸರ್ವಸದಸ್ಯರ ಸಭೆಯಲ್ಲಿ ನೂರು ತಲೆ. ಎದ್ದು ನಿಂತು ಮಾತನಾಡುವವರು ಹತ್ತು ಮಂದಿ, ಅವರೂ ಹೋದ ವರ್ಷ ಮಾತನಾಡಿದವರೇ. ಗಿರಣಿ ಕಾರ್ಮಿಕರ ಸಂಘವಾಗಲಿ, ಕಿರಾಣಿ ವರ್ತಕರ ಸಂಘವಾಗಲಿ, ಓಣಿಯ ಗಣಪತಿ ಉತ್ಸವದ ಸಮಿತಿಯಾಗಲಿ, ಎಲ್ಲ ಕಡೆಯೂ ಇದೇ ಲೆಕ್ಕ. ಈಗ ನಿಮ್ಮ ಜೇಬಿನಲ್ಲಿರುವ ಮೊಬೈಲನ್ನು ತೆಗೆದು ನೋಡಿ. ಅಲ್ಲಿಯೂ ನೀವು ನಾಲ್ಕಾರು ಗುಂಪುಗಳಲ್ಲಿ ಸೇರಿದ್ದೀರಿ. ಇನ್ನೂರು ಮಂದಿಯ ಗುಂಪಿನಲ್ಲಿ ದಿನವೂ ಏನಾದರೂ ಹಾಕುವವರು ಐದೋ ಆರೋ ಜನ. ಅದರಲ್ಲಿ ಮೂವರು ಬೆಳಗಿನ ಹೂವಿನ ಚಿತ್ರ ಹಾಕುವವರು! ಉಳಿದವರೆಲ್ಲ ನೋಡಿ ಸುಮ್ಮನಾಗುವವರು.

೨೦೦೬ರಲ್ಲಿ ಯಾಕೋಬ್ ನೀಲ್ಸೆನ್ ಎಂಬ ಡೆನ್ಮಾರ್ಕ್ ದೇಶದ ತಜ್ಞರು ಇದಕ್ಕೊಂದು ಲೆಕ್ಕ ಕಟ್ಟಿದರು. ಅಂತರಜಾಲದ ಯಾವುದೇ ಸಮುದಾಯವನ್ನು ತೆಗೆದುಕೊಂಡರೂ ಸುಮಾರಾಗಿ ನೂರರಲ್ಲಿ ತೊಂಬತ್ತು ಮಂದಿ ಬರಿಯ ನೋಟಕರು. ಒಂಬತ್ತು ಮಂದಿ ಆಗೊಮ್ಮೆ ಈಗೊಮ್ಮೆ ಕೈ ಹಾಕುವವರು. ಒಬ್ಬನೇ ಒಬ್ಬ ಹೆಚ್ಚಿನ ಹೊರೆಯನ್ನೆಲ್ಲ ಹೊರುವವನು. ಈ ಮಾತು ಆಮೇಲೆ ಬಹಳ ಪ್ರಸಿದ್ಧವಾಯಿತು. ಕೆಲವರು ಇದನ್ನು ನಿಸರ್ಗದ ನಿಯಮವೆಂಬಂತೆ ಹೇಳುತ್ತಾರೆ. "ಜನರೇ ಹಾಗೆ, ಅವರಿಗೆ ಆಸಕ್ತಿಯಿಲ್ಲ" ಎನ್ನುತ್ತಾರೆ. ಈ ಮಾತನ್ನು ನಾವು ಒಪ್ಪುವುದಿಲ್ಲ. ಜನ ಬರುವುದಿಲ್ಲವೆಂದರೆ ಬಾಗಿಲು ಯಾವ ಎತ್ತರದಲ್ಲಿದೆ, ಒಳಗೆ ಕುಳಿತವರು ಬಂದವನ ಮುಖ ನೋಡುತ್ತಾರೆಯೇ, ಬರಬೇಕಾದವನಿಗೆ ಬಿಡುವಿದೆಯೇ ಎಂಬುದನ್ನು ಮೊದಲು ಕೇಳಬೇಕು. ಈ ಹೊತ್ತು ಒಂದೇ ಒಂದು ಉದಾಹರಣೆಯನ್ನು ಹಿಡಿದು ಇದನ್ನು ನೋಡೋಣ. ಅದು ವಿಕಿಪೀಡಿಯ ಎಂಬ ವಿಶ್ವಕೋಶ. ನಿಮ್ಮ ಮಕ್ಕಳು ಶಾಲೆಯ ಪಾಠಕ್ಕೆ ಅದನ್ನು ದಿನವೂ ತೆರೆಯುತ್ತಾರೆ. ಅದನ್ನು ಬರೆಯುವವರು ಯಾರೆಂದು ಕೇಳಿದರೆ ಮಾತ್ರ ಹತ್ತರಲ್ಲಿ ಒಂಬತ್ತು ಮನೆಗಳಲ್ಲಿ ಉತ್ತರವಿಲ್ಲ.

ಬರೆಯುವವರು ಸಂಬಳವಿಲ್ಲದ ಸಾಮಾನ್ಯ ಜನ. ಅದು ಹುಟ್ಟಿದ ಬಗೆಯನ್ನು ಕೇಳಿ. ೨೦೦೦ದಲ್ಲಿ ಅಮೆರಿಕದ ಜಿಮ್ಮಿ ವೇಲ್ಸ್ ಮತ್ತು ಲ್ಯಾರಿ ಸ್ಯಾಂಗರ್ ಎಂಬಿಬ್ಬರು ನ್ಯೂಪೀಡಿಯ ಎಂಬ ವಿಶ್ವಕೋಶವನ್ನು ಆರಂಭಿಸಿದರು. ಪಂಡಿತರು ಬರೆಯಬೇಕು, ಬೇರೆ ಪಂಡಿತರು ಪರೀಕ್ಷಿಸಬೇಕು, ಏಳು ಹಂತ ದಾಟಿದ ಮೇಲೆಯೇ ಪ್ರಕಟಣೆ. ಒಂದು ವರ್ಷ ಕಳೆದರೂ ಎರಡು ಡಜನ್ ಲೇಖನ ಹೊರಬರುವುದು ಕಷ್ಟವಾಯಿತು. ೨೦೦೧ರ ಜನವರಿ ೧೫ರಂದು ಅದರ ಪಕ್ಕದಲ್ಲೇ ಯಾರು ಬೇಕಾದರೂ ಬರೆಯಬಹುದಾದ ಇನ್ನೊಂದನ್ನು ತೆರೆದರು. ಅದೇ ವಿಕಿಪೀಡಿಯ. ಆ ವರ್ಷ ಮುಗಿಯುವುದರೊಳಗೆ ಸುಮಾರು ಇಪ್ಪತ್ತು ಸಾವಿರ ಲೇಖನಗಳಾದವು. ಪಂಡಿತರ ಕೋಶ ೨೦೦೩ರಲ್ಲಿ ಮುಚ್ಚಿತು.

ಪಂಡಿತರಿಗಿಂತ ಪಾಮರರು ಹೆಚ್ಚು ತಿಳಿದವರೆಂದು ಇದರ ಅರ್ಥವಲ್ಲ. ಹಾಗೆ ಹೇಳಿ ನಿಮ್ಮನ್ನು ಹೊಗಳುವ ಇಷ್ಟ ನಮಗಿಲ್ಲ. ಕೆಲಸವನ್ನು ಹಂಚಿದ ರೀತಿಯಲ್ಲಿ ಗುಟ್ಟಿದೆ. ನ್ಯೂಪೀಡಿಯದಲ್ಲಿ ಪೂರ್ಣ ಲೇಖನ ಬರೆಯಬಲ್ಲವನಿಗೆ ಮಾತ್ರ ಜಾಗ. ವಿಕಿಪೀಡಿಯದಲ್ಲಿ ಒಂದು ಇಸವಿಯನ್ನು ತಿದ್ದಿದರೂ ಅದು ಕೆಲಸವೇ, ಒಂದು ಕಾಗುಣಿತವನ್ನು ಸರಿಮಾಡಿದರೂ ಕೆಲಸವೇ. ಹಾಸು ಕಟ್ಟುವವನು ಬೇರೆ, ಲಾಳಿ ಹಾಕುವವನು ಬೇರೆ, ತುಂಡಾದ ನೂಲನ್ನು ಗಂಟು ಹಾಕುವವನು ಬೇರೆ. ಎಲ್ಲರದೂ ಸೇರಿ ಬಟ್ಟೆ. ಇಡೀ ಸೀರೆಯನ್ನು ಒಬ್ಬನೇ ನೇಯಬಲ್ಲವನು ಮಾತ್ರ ಒಳಗೆ ಬರಲಿ ಎಂದು ಗಿರಣಿಯ ಬಾಗಿಲಲ್ಲಿ ಬರೆದಿದ್ದರೆ ನಮ್ಮಲ್ಲಿ ಎಷ್ಟು ಮಂದಿ ಒಳಗೆ ಹೋಗುತ್ತಿದ್ದೆವು?

ಇನ್ನೊಂದು ಏರ್ಪಾಡಿದೆ, ವರ್ತಕ ಮಿತ್ರರಿಗೆ ಅದು ಕೂಡಲೆ ಅರ್ಥವಾಗುತ್ತದೆ. ನಿಮ್ಮ ಕಿರ್ದಿ ಪುಸ್ತಕದಲ್ಲಿ ಬರೆದ ರಕಮನ್ನು ನೀವು ಅಳಿಸುವುದಿಲ್ಲ. ತಪ್ಪಾದರೆ ಅಡ್ಡಗೆರೆ ಎಳೆದು ಪಕ್ಕದಲ್ಲಿ ಸರಿಯಾದದ್ದನ್ನು ಬರೆಯುತ್ತೀರಿ. ವಿಕಿಪೀಡಿಯದ ಪ್ರತಿ ಪುಟದ ಹಿಂದೆಯೂ ಅಂಥದೊಂದು ಕಿರ್ದಿಯಿದೆ. ಯಾವ ದಿನ, ಎಷ್ಟು ಗಂಟೆಗೆ, ಯಾವ ಹೆಸರಿನವರು ಏನನ್ನು ಸೇರಿಸಿದರು, ಏನನ್ನು ತೆಗೆದರು ಎಂಬುದೆಲ್ಲ ಅಲ್ಲಿ ಉಳಿಯುತ್ತದೆ. ಯಾರು ಬೇಕಾದರೂ ಅದನ್ನು ನೋಡಬಹುದು. ಒಬ್ಬ ಕಿಡಿಗೇಡಿ ಪುಟವನ್ನು ಕೆಡಿಸಿದರೆ ಹಿಂದಿನದನ್ನು ಮತ್ತೆ ತರುವುದು ಅರ್ಧ ನಿಮಿಷದ ಕೆಲಸ. ಕೆಡಿಸುವುದಕ್ಕಿಂತ ಸರಿಪಡಿಸುವುದು ಸುಲಭವಾದುದರಿಂದಲೇ ಬಾಗಿಲನ್ನು ತೆರೆದಿಡಲು ಧೈರ್ಯ ಬಂದದ್ದು. ಲೆಕ್ಕಪತ್ರ ಬಯಲಲ್ಲಿದ್ದರೆ ಸದಸ್ಯರನ್ನು ನಂಬಬಹುದು. ಕಾರ್ಯದರ್ಶಿಯ ಬೀರುವಿನಲ್ಲಿ ಲೆಕ್ಕಪತ್ರವಿಟ್ಟು ಬೀಗ ಹಾಕಿದ ಸಂಘಗಳಲ್ಲಿ ಸದಸ್ಯರು ಏಕೆ ಬರುವುದಿಲ್ಲವೆಂದು ಕೇಳುವುದೇ ವಿಚಿತ್ರ.

ಬಾಗಿಲು ತೆರೆಯಿತು, ಜನ ಬಂದರು. ಹಾಗಾದರೆ ಒಡೆಯರು ಯಾರು? ಈ ಪ್ರಶ್ನೆ ಎದ್ದದ್ದು ಎರಡನೆಯ ವರ್ಷದಲ್ಲಿ. ಆಗ ವಿಕಿಪೀಡಿಯದ ಖರ್ಚು ನಡೆಯುತ್ತಿದ್ದುದು ಒಂದು ಖಾಸಗಿ ಕಂಪೆನಿಯಿಂದ. ೨೦೦೨ರ ಫೆಬ್ರುವರಿಯಲ್ಲಿ, ಮುಂದೆ ಇದರಲ್ಲಿ ಜಾಹೀರಾತು ಬರಬಹುದೆಂಬ ಸೂಚನೆಯನ್ನು ಸ್ಯಾಂಗರ್ ಕೊಟ್ಟರು. ಸ್ಪ್ಯಾನಿಷ್ ಭಾಷೆಯಲ್ಲಿ ಬರೆಯುತ್ತಿದ್ದವರು ಕೆರಳಿದರು. ನಾವು ಬಿಟ್ಟಿಯಾಗಿ ದುಡಿಯುವುದು, ಅದರ ಮೇಲೆ ಜಾಹೀರಾತು ಅಂಟಿಸಿ ಯಾರೋ ಹಣ ಮಾಡುವುದು, ಇದೆಲ್ಲಿಯ ನ್ಯಾಯವೆಂಬುದೇ ಅವರ ಆಕ್ಷೇಪಣೆಯ ತಿರುಳು. ಅವರಲ್ಲಿ ಹೆಚ್ಚಿನವರು ಅದೇ ತಿಂಗಳು ಹೊರನಡೆದರು. ಬರೆದದ್ದನ್ನೆಲ್ಲ ನಕಲು ಮಾಡಿಕೊಂಡು ಹೋಗಲು ಪರವಾನಗಿಯ ಶರತ್ತಿನಲ್ಲೇ ಅವಕಾಶವಿತ್ತು. ಸೆವಿಲ್ಲಾ ವಿಶ್ವವಿದ್ಯಾನಿಲಯದ ಯಂತ್ರದಲ್ಲಿ ಜಾಗ ಪಡೆದು ತಮ್ಮದೇ ಬೇರೆ ಕೋಶವನ್ನು ಕಟ್ಟಿದರು. ಕೆಲವು ಕಾಲ ಅದು ಮೂಲ ಸ್ಪ್ಯಾನಿಷ್ ವಿಕಿಪೀಡಿಯಕ್ಕಿಂತ ದೊಡ್ಡದಾಗಿಯೂ ಬೆಳೆಯಿತು.

ಇದನ್ನು ಮುಷ್ಕರವೆಂದೇ ಕರೆಯಬೇಕು. ಜಾಹೀರಾತು ಬರುವುದಿಲ್ಲವೆಂಬ ಮಾತು ಅದೇ ವರ್ಷ ವೇಲ್ಸರಿಂದ ಬಂತು. ೨೦೦೩ರ ಜೂನ್‌ನಲ್ಲಿ ವಿಕಿಮೀಡಿಯ ಫೌಂಡೇಶನ್ ಎಂಬ ಲಾಭವಿಲ್ಲದ ಸಂಸ್ಥೆಯ ಸ್ಥಾಪನೆಯಾಯಿತು. ಆ ಬಳಿಕ ಎಲ್ಲವೂ ಅದರ ಕೈಗೆ ಸೇರಿತು. ಸ್ಪ್ಯಾನಿಷರ ಹೊರನಡೆಯೊಂದೇ ಇದಕ್ಕೆ ಕಾರಣವೆಂದು ಹೇಳಲಾಗದು. ಆದರೆ ಅದು ಕೊಟ್ಟ ಪೆಟ್ಟು ಚಿಕ್ಕದಲ್ಲ. ಇಂದಿಗೂ ಆ ವಿಶ್ವಕೋಶದಲ್ಲಿ ಸಾಬೂನಿನ ಜಾಹೀರಾತಿಲ್ಲ.

ಇದರ ಎದುರಿಗೆ ಇನ್ನೊಂದು ಕತೆಯನ್ನು ಇಟ್ಟು ನೋಡಿ. ಅಮೆರಿಕ ಆನ್‌ಲೈನ್ ಎಂಬ ದೊಡ್ಡ ಕಂಪೆನಿ ತೊಂಬತ್ತರ ದಶಕದಲ್ಲಿ ತನ್ನ ಹರಟೆಯ ಕೋಣೆಗಳನ್ನು ನೋಡಿಕೊಳ್ಳಲು ಹತ್ತು ಸಾವಿರಕ್ಕೂ ಹೆಚ್ಚು ಸ್ವಯಂಸೇವಕರನ್ನು ಇಟ್ಟುಕೊಂಡಿತ್ತು. ಹೊಸಬರನ್ನು ಸ್ವಾಗತಿಸುವುದು, ಜಗಳ ಬಿಡಿಸುವುದು, ಪ್ರಶ್ನೆಗೆ ಉತ್ತರಿಸುವುದು ಅವರ ಕೆಲಸ. ಸಂಬಳವಿಲ್ಲ, ಕಂಪೆನಿಯ ಸೇವೆ ಬಿಟ್ಟಿಯಾಗಿಯೋ ಕಡಿಮೆ ದರದಲ್ಲಿಯೋ ಸಿಗುತ್ತಿತ್ತು, ಅಷ್ಟೆ. ಆದರೆ ಪಾಳಿ ಇತ್ತು, ಹಾಜರಿ ಇತ್ತು, ತರಬೇತಿ ಇತ್ತು, ವರದಿ ಒಪ್ಪಿಸಬೇಕಿತ್ತು. ೧೯೯೯ರಲ್ಲಿ ಕೆಲವರು ನ್ಯಾಯಾಲಯಕ್ಕೆ ಹೋದರು. ನೌಕರನಂತೆ ದುಡಿಸಿ ಸ್ವಯಂಸೇವಕನೆಂದು ಹೆಸರಿಟ್ಟರೆ ಸಾಲದೆಂದು ವಾದಿಸಿದರು. ಹತ್ತು ವರ್ಷ ಎಳೆದ ಮೇಲೆ ಒಂದೂವರೆ ಕೋಟಿ ಡಾಲರಿಗೆ ರಾಜಿಯಾಯಿತು. ನಾವು ಕಟ್ಟಿದ ಮನೆಯಲ್ಲಿ ನಾವೇ ಕಸ ಗುಡಿಸಿದರೆ ಅದು ಸೇವೆ. ಸಾಹುಕಾರನ ಮನೆಯಲ್ಲಿ ಬಿಟ್ಟಿ ಗುಡಿಸಿದರೆ ಅದಕ್ಕೆ ಬೇರೆ ಹೆಸರಿದೆ. ಆ ಹೆಸರು ನಮ್ಮ ಹಿರಿಯರಿಗೆ ಚೆನ್ನಾಗಿ ಗೊತ್ತಿತ್ತು. ಇಂದು ದೊಡ್ಡ ದೊಡ್ಡ ಕಂಪೆನಿಗಳ ಗುಂಪುಗಳಲ್ಲಿ ನಾವು ಬರೆಯುವುದೆಲ್ಲ, ಹಾಕುವ ಚಿತ್ರವೆಲ್ಲ, ಯಾರ ಜಮೆಗೆ ಹೋಗುತ್ತಿದೆ ಎಂಬುದನ್ನು ನೀವೇ ಲೆಕ್ಕ ಹಾಕಿ.

ಹೀಗೆಂದ ಮಾತ್ರಕ್ಕೆ ವಿಕಿಪೀಡಿಯದವರೆಲ್ಲ ದೇವತೆಗಳಲ್ಲ. ೨೦೦೭ರವರೆಗೆ ಇಂಗ್ಲಿಷ್ ವಿಕಿಪೀಡಿಯದಲ್ಲಿ ಬರೆಯುವವರ ಸಂಖ್ಯೆ ಏರುತ್ತಲೇ ಹೋಯಿತು. ಆಮೇಲೆ ಇಳಿಯಿತು, ವರ್ಷಗಟ್ಟಲೆ ಇಳಿಯಿತು. ವಿಷಯಗಳು ಮುಗಿದುಹೋದವೆಂದು ಕೆಲವರು ಹೇಳಿದರು. ಕಿರ್ದಿಯನ್ನೇ ಬಿಚ್ಚಿ ಪರೀಕ್ಷಿಸಿದ ವಿದ್ವಾಂಸರು ೨೦೧೩ರಲ್ಲಿ ಬೇರೆಯೇ ಕಾರಣವನ್ನು ತೋರಿಸಿದರು. ಕಿಡಿಗೇಡಿಗಳು ಹೆಚ್ಚಿದಾಗ ಅವರನ್ನು ತಡೆಯಲು ಹಳಬರು ಯಂತ್ರಗಳನ್ನು, ಕಟ್ಟುಕಟ್ಟಳೆಗಳನ್ನು ಏರ್ಪಡಿಸಿದರು. ಆ ಯಂತ್ರದ ಹಲ್ಲಿಗೆ ಕಿಡಿಗೇಡಿಗಳ ಜತೆಗೆ ಒಳ್ಳೆಯ ಮನಸ್ಸಿನಿಂದ ಬಂದ ಹೊಸಬರೂ ಸಿಕ್ಕಿದರು. ಮೊದಲ ದಿನ ಎರಡು ಸಾಲು ಬರೆದವನಿಗೆ ಮರುಗಳಿಗೆಯಲ್ಲೇ ಅದು ಅಳಿಸಿಹೋಗಿದೆಯೆಂದು ತಿಳಿಯುತ್ತದೆ. ಜತೆಗೊಂದು ಎಚ್ಚರಿಕೆಯ ಪತ್ರ, ಅದರಲ್ಲಿ ಹತ್ತು ನಿಯಮಗಳ ಹೆಸರು. ಅವನು ಮತ್ತೆ ಬರುವನೇ?

ಹೊಸ ಹುಡುಗ ಮಗ್ಗದ ಮುಂದೆ ನಿಂತ ಮೊದಲ ದಿನವೇ ನೂಲು ಹರಿದನೆಂದು ಬೈದಟ್ಟುವ ಜಾಬರನನ್ನು ನೀವು ಕಂಡಿದ್ದೀರಿ. ಪಕ್ಕದಲ್ಲಿ ನಿಂತು, "ಹೀಗಲ್ಲಪ್ಪ, ಬೆರಳು ಹೀಗೆ ಹಿಡಿ" ಎಂದು ತೋರಿಸಿಕೊಟ್ಟವನನ್ನೂ ಕಂಡಿದ್ದೀರಿ. ಯಾರ ಕೈಕೆಳಗೆ ಹೆಚ್ಚು ಹುಡುಗರು ಕೆಲಸ ಕಲಿತರು? ವಿಕಿಪೀಡಿಯದವರೂ ಇದನ್ನು ತಡವಾಗಿ ಕಂಡುಕೊಂಡರು. ೨೦೧೨ರಲ್ಲಿ 'ಟೀಹೌಸ್' ಎಂಬ ಜಾಗವನ್ನು ತೆರೆದರು. ನಮ್ಮ ಮಾತಿನಲ್ಲಿ ಚಹಾದಂಗಡಿ. ಹೊಸಬ ಅಲ್ಲಿ ಎಂಥ ದಡ್ಡ ಪ್ರಶ್ನೆಯನ್ನಾದರೂ ಕೇಳಬಹುದು; ಉತ್ತರಿಸುವ ಹಳಬ ನಿಯಮದ ಸಂಖ್ಯೆಯನ್ನು ಎತ್ತಿ ಹೇಳದೆ ಮನುಷ್ಯನಂತೆ ಮಾತನಾಡಬೇಕು. ಅಲ್ಲಿಗೆ ಕರೆಸಿಕೊಂಡ ಹೊಸಬರು ಉಳಿದವರಿಗಿಂತ ಹೆಚ್ಚಿನ ಪ್ರಮಾಣದಲ್ಲಿ ಉಳಿದುಕೊಂಡರೆಂದು ಮುಂದೆ ನಡೆದ ಪರಿಶೀಲನೆಯಲ್ಲಿ ಕಂಡುಬಂತು. ಕೋಟಿಗಟ್ಟಲೆ ಓದುಗರಿರುವ ಸಂಸ್ಥೆ ಹತ್ತು ವರ್ಷವಾದ ಮೇಲೆ ಕಲಿತ ಪಾಠವನ್ನು ನಮ್ಮ ಗಿರಣಿಯ ಗೇಟಿನ ಮುಂದಿನ ಚಹಾದಂಗಡಿಯವನು ಮೊದಲ ದಿನದಿಂದಲೂ ಬಲ್ಲ!

ಈಗ ನಮ್ಮ ಕನ್ನಡದ ಕಡೆಗೆ ಬರೋಣ.

ಕನ್ನಡಕ್ಕೆ ವಿಶ್ವಕೋಶದ ಹಂಬಲ ಇಂದಿನದಲ್ಲ. ಶಿವರಾಮ ಕಾರಂತರು ಒಬ್ಬರೇ ಕುಳಿತು ಮೂವತ್ತರ ದಶಕದಲ್ಲಿ ಮಕ್ಕಳಿಗಾಗಿ 'ಬಾಲಪ್ರಪಂಚ'ದ ಮೂರು ಸಂಪುಟಗಳನ್ನು, ಮುಂದೆ 'ವಿಜ್ಞಾನ ಪ್ರಪಂಚ'ದ ನಾಲ್ಕು ಸಂಪುಟಗಳನ್ನು ಬರೆದರು. ಅಂಥ ದೈತ್ಯಶಕ್ತಿಯವರು ನೂರು ವರ್ಷಕ್ಕೊಬ್ಬರು. ಆ ಮೇಲೆ ಮೈಸೂರು ವಿಶ್ವವಿದ್ಯಾನಿಲಯ ಪಂಡಿತರನ್ನು ಕೂಡಿಸಿ ದೊಡ್ಡ ಕನ್ನಡ ವಿಶ್ವಕೋಶವನ್ನು ತಂದಿತು. ೨೦೧೪ರಲ್ಲಿ ಅದರ ಹಲವು ಸಂಪುಟಗಳನ್ನು ಯಾರು ಬೇಕಾದರೂ ಬಳಸಬಹುದೆಂದು ಮುಕ್ತ ಪರವಾನಗಿಯಲ್ಲಿ ಬಿಟ್ಟುಕೊಟ್ಟಿತು. ಇದು ಮೆಚ್ಚಬೇಕಾದ ಕೆಲಸ. ಜನರ ಹಣದಲ್ಲಿ ಆದ ಪುಸ್ತಕ ಜನರಿಗೆ ಮರಳಿತು.

ಎಲ್ಲರೂ ಬರೆಯುವ ಕನ್ನಡ ವಿಕಿಪೀಡಿಯ ಆರಂಭವಾದದ್ದು ೨೦೦೩ರಲ್ಲಿ. ಆಗ ಗಣಕಯಂತ್ರದಲ್ಲಿ ಕನ್ನಡ ಬರೆಯುವುದೇ ಒಂದು ಸಾಹಸವಾಗಿತ್ತು. ಒಬ್ಬರ ಅಕ್ಷರ ಇನ್ನೊಬ್ಬರ ಯಂತ್ರದಲ್ಲಿ ಚೌಕಳಿಯಾಗಿ ಕಾಣುತ್ತಿತ್ತು. ಬೆರಳೆಣಿಕೆಯ ಉತ್ಸಾಹಿಗಳು, ಹೆಚ್ಚಾಗಿ ಗಣಕದ ಕೆಲಸ ಬಲ್ಲವರು, ಅದನ್ನು ಹೊತ್ತು ನಡೆಸಿದರು. ಇಂದು ಅದರಲ್ಲಿ ಮೂವತ್ತು ಸಾವಿರಕ್ಕೂ ಹೆಚ್ಚು ಲೇಖನಗಳಿವೆ. ಆದರೆ ಮಲಯಾಳದಲ್ಲಿ ಎಂಬತ್ತು ಸಾವಿರ ದಾಟಿದೆ, ತಮಿಳಿನಲ್ಲಿ ಒಂದೂವರೆ ಲಕ್ಷ ದಾಟಿದೆ. ೨೦೧೧ರ ಜನಗಣತಿಯ ಪ್ರಕಾರ ಕನ್ನಡವನ್ನು ಮಾತೃಭಾಷೆಯೆಂದು ಹೇಳಿದವರು ನಾಲ್ಕು ಕೋಟಿ ಮೂವತ್ತು ಲಕ್ಷಕ್ಕೂ ಹೆಚ್ಚು. ಮಲಯಾಳದವರು ಮೂರೂವರೆ ಕೋಟಿಗೂ ಕಡಿಮೆ. ಹಾಗಿದ್ದೂ ಅವರ ಕೋಶ ನಮ್ಮದರ ಎರಡರಷ್ಟಕ್ಕಿಂತ ದೊಡ್ಡದು.

ಲೇಖನಗಳ ಎಣಿಕೆಯೇ ಸರ್ವಸ್ವವಲ್ಲ, ಸರಿ. ಆದರೆ ಇಷ್ಟು ಅಂತರ ಏಕೆ? ಮಲಯಾಳದವರು ಊರೂರಿಗೆ ಹೋಗಿ ಕಲಿಕೆಯ ಶಿಬಿರ ನಡೆಸಿದರು. ೨೦೧೦ರಲ್ಲಿ ಐನೂರು ಆಯ್ದ ಲೇಖನಗಳನ್ನು ಒಂದು ಸಿ.ಡಿ. ಮಾಡಿ ಹಂಚಿದರು, ಅಂತರಜಾಲವಿಲ್ಲದ ಕಡೆಗೂ ಅದು ತಲುಪಿತು. ಗ್ರಂಥಾಲಯ ಚಳವಳಿ, ಶಾಸ್ತ್ರ ಸಾಹಿತ್ಯ ಪರಿಷತ್ತಿನ ಚಳವಳಿ ಮೊದಲೇ ಅಲ್ಲಿನ ನೆಲವನ್ನು ಉತ್ತು ಹದ ಮಾಡಿದ್ದವು ಎಂಬುದು ನಮ್ಮ ಅಭಿಪ್ರಾಯ. ಓದುವ ಕೂಟವಿದ್ದ ಹಳ್ಳಿಯಲ್ಲಿ ಬರೆಯುವ ಕೂಟ ಬೇಗ ಏಳುತ್ತದೆ. ನಮ್ಮಲ್ಲೂ ಕೂಡಿ ಮಾಡುವ ಪರಂಪರೆ ಇಲ್ಲದಿಲ್ಲ. ಗದಗಿನ ಬಳಿಯ ಕಣಗಿನಹಾಳದಲ್ಲಿ ೧೯೦೫ರಲ್ಲೇ ಸಿದ್ದನಗೌಡ ಪಾಟೀಲರ ನೇತೃತ್ವದಲ್ಲಿ ಕೃಷಿ ಪತ್ತಿನ ಸಹಕಾರ ಸಂಘ ಎದ್ದಿತು. ದೇಶದಲ್ಲೇ ಅಂಥದರಲ್ಲಿ ಮೊದಲನೆಯದು. ಆದರೆ ಆ ಬಳಿಕ ಎಷ್ಟೋ ಸಹಕಾರ ಸಂಘಗಳಲ್ಲಿ ಸದಸ್ಯನೆಂದರೆ ಸಾಲ ಪಡೆಯುವವನು, ಸಂಘವೆಂದರೆ ಅಧ್ಯಕ್ಷರು ಎಂಬಂತಾಯಿತು. ಪಾಲುಪತ್ರ ಪೆಟ್ಟಿಗೆಯಲ್ಲಿದ್ದರೆ ಪಾಲುಗಾರನಾದಂತಲ್ಲ.

ಹಣ ಚೆಲ್ಲಿದರೆ ಈ ಕೊರತೆ ತುಂಬೀತೇ? ಆ ಪ್ರಯೋಗವೂ ಆಗಿಹೋಗಿದೆ. ೨೦೦೯ರಿಂದ ೨೦೧೧ರವರೆಗೆ ಗೂಗಲ್ ಕಂಪೆನಿ ಕೂಲಿ ಕೊಟ್ಟು ಭಾಷಾಂತರಕಾರರನ್ನಿಟ್ಟು ಇಂಗ್ಲಿಷ್ ಲೇಖನಗಳನ್ನು ನಮ್ಮ ದೇಶಭಾಷೆಗಳಿಗೆ ಮಾಡಿಸಿತು. ಕನ್ನಡದಲ್ಲೂ ದೊಡ್ಡ ರಾಶಿ ಬಿತ್ತು. ಭಾಷಾಂತರ ಮಾಡಿದವರು ಹೊಟ್ಟೆಪಾಡಿಗೆ ದುಡಿದ ಬಡಪಾಯಿಗಳು. ಅವರನ್ನು ನಾವು ದೂರುವುದಿಲ್ಲ. ಆದರೆ ಯಾವ ವಿಷಯ ಬೇಕೆಂದು ಇಲ್ಲಿಯವರನ್ನು ಯಾರೂ ಕೇಳಲಿಲ್ಲ. ಬಂಗಾಳಿಯವರು ಇದು ನಮಗೆ ಬೇಡವೆಂದು ತಡೆದರು. ತಮಿಳರು ಅಮೆರಿಕದ ಹಾಡುಗಾರರ, ಸಿನಿಮಾದವರ ಲೇಖನಗಳ ಸುರಿಮಳೆಯನ್ನು ಕಂಡು ಕಂಪೆನಿಯೊಡನೆ ಮಾತಿಗೆ ಕುಳಿತು ಶರತ್ತು ಹಾಕಿದರು: ವಿಷಯ ನಾವು ಹೇಳುತ್ತೇವೆ, ತಪ್ಪು ತೋರಿಸಿದರೆ ತಿದ್ದಬೇಕು. ಹಾಗೆ ಕುಳಿತು ಮಾತನಾಡಲು ಅಲ್ಲಿ ಒಂದು ಗಟ್ಟಿ ಗುಂಪು ಇತ್ತೆಂಬುದೇ ಇಲ್ಲಿಯ ಮುಖ್ಯ ಸಂಗತಿ. ಹಣ ನಿಂತಿತು, ಬರೆಯುವವರು ಹೋದರು. ಅಡ್ಡಾದಿಡ್ಡಿ ವಾಕ್ಯಗಳ ಉದ್ದುದ್ದ ಲೇಖನಗಳು ಉಳಿದವು. ಬಾಡಿಗೆಗೆ ಕರೆತಂದ ಜನರಿಂದ ಒಂದು ದಿನದ ಮೆರವಣಿಗೆ ಆದೀತು, ಸಂಘವಾಗದು.

ತುಳುವಿನ ಕತೆ ನೋಡಿ. ತುಳು ವಿಕಿಪೀಡಿಯ ವರ್ಷಗಟ್ಟಲೆ ಪ್ರಯೋಗಶಾಲೆಯಲ್ಲೇ ಕಾದಿತ್ತು. ಸಾಕಷ್ಟು ಜನ ಬರೆಯುವರೆಂದು ತೋರಿಸದೆ ಬಾಗಿಲು ತೆರೆಯುವಂತಿಲ್ಲ. ಕರಾವಳಿಯ ಕೆಲವು ಜನ ಹಟ ಹಿಡಿದು ಬರೆದರು, ಇತರರಿಗೆ ಕಲಿಸಿದರು. ೨೦೧೬ರ ಆಗಸ್ಟಿನಲ್ಲಿ ಅದು ಸ್ವತಂತ್ರವಾಗಿ ಹೊರಬಂತು. ಆಗಲೂ ತುಳು ಸಂವಿಧಾನದ ಎಂಟನೆಯ ಅನುಸೂಚಿಯಲ್ಲಿರಲಿಲ್ಲ. ಸರಕಾರ ಕೊಡದ ಜಾಗವನ್ನು ಭಾಷೆ ಆಡುವವರೇ ತಮ್ಮ ಕೈಯಿಂದ ಮಾಡಿಕೊಂಡರು.

ನಾವು ಬರೆಯದಿದ್ದರೆ ಏನಾದೀತು? ಖಾಲಿಯಿದ್ದ ಕುರ್ಚಿ ಖಾಲಿಯೇ ಉಳಿಯುವುದಿಲ್ಲ. ಸ್ಕಾಟ್ಲೆಂಡಿನ ಜನರಿಗೆ ಸ್ಕಾಟ್ಸ್ ಎಂಬ ತಮ್ಮದೇ ನುಡಿಯಿದೆ. ಆ ನುಡಿಯ ವಿಕಿಪೀಡಿಯಕ್ಕೆ ಬರುವವರು ತೀರ ಕಡಿಮೆ. ೨೦೨೦ರ ಆಗಸ್ಟಿನಲ್ಲಿ ಒಂದು ಸಂಗತಿ ಬಯಲಾಯಿತು: ಅದರ ಸಾವಿರಾರು ಲೇಖನಗಳನ್ನು, ಇಡೀ ಕೋಶದ ದೊಡ್ಡ ಪಾಲನ್ನು, ಬರೆದಿದ್ದವನು ಆ ನುಡಿ ಬಾರದ ಅಮೆರಿಕದ ಒಬ್ಬ ಹುಡುಗ! ಇಂಗ್ಲಿಷನ್ನೇ ಅಷ್ಟಿಷ್ಟು ತಿರುಚಿ ಸ್ಕಾಟ್ಸ್ ಎಂದು ಬರೆದಿದ್ದ. ಕೆಟ್ಟ ಉದ್ದೇಶ ಅವನಿಗಿರಲಿಲ್ಲ; ಬಾಲ್ಯದಿಂದ ಪ್ರೀತಿಯಿಂದಲೇ ಮಾಡಿದ್ದ. ಹಲವು ವರ್ಷ ಯಾರೂ ಅದನ್ನು ತಡೆದು ತಿದ್ದಲಿಲ್ಲ, ಏಕೆಂದರೆ ಕಾವಲಿಗೆ ಆ ನುಡಿಯವರು ಸಾಕಷ್ಟು ಇರಲಿಲ್ಲ. ಈಗ ಹುಡುಗನ ಬದಲು ಯಂತ್ರ ಬಂದಿದೆ. ಸಣ್ಣ ಭಾಷೆಗಳ ವಿಕಿಪೀಡಿಯಗಳಲ್ಲಿ ಯಂತ್ರ ಮಾಡಿದ ಭಾಷಾಂತರಗಳು ತುಂಬಿ, ಅದೇ ಬರಹವನ್ನು ಓದಿ ಇನ್ನೊಂದು ಯಂತ್ರ ಆ ಭಾಷೆಯನ್ನು ಕಲಿಯುತ್ತಿದೆ. ತಪ್ಪು ತಪ್ಪನ್ನೇ ಹಡೆಯುತ್ತದೆ. ಕನ್ನಡ ಅಷ್ಟು ಸಣ್ಣ ಭಾಷೆಯಲ್ಲ ಎಂದು ನೀವು ಹೇಳಬಹುದು. ಮಾತನಾಡುವವರ ಲೆಕ್ಕದಲ್ಲಿ ಅಲ್ಲ. ಬರೆಯಲು ಕುಳಿತವರ ಲೆಕ್ಕದಲ್ಲಿ ಸಣ್ಣದೇ.

ಇಲ್ಲಿ ಒಬ್ಬ ಗೆಳೆಯರು ಕೇಳುವುದು ನಮಗೆ ಕಾಣುತ್ತಿದೆ: "ಸ್ವಾಮಿ, ಪಾಳಿ ಮುಗಿಸಿ ಮನೆಗೆ ಬಂದರೆ ಕಣ್ಣು ಬಿಡಲಾಗುವುದಿಲ್ಲ. ಬರೆಯುವುದೆಲ್ಲಿ ಬಂತು?" ಸರಿಯಾದ ಪ್ರಶ್ನೆ. ತಜ್ಞರ ಲೆಕ್ಕಗಳು ಬಿಟ್ಟುಬಿಡುವ ಸಂಗತಿಯೂ ಇದೇ. ಸುಮ್ಮನೆ ನೋಡುವ ತೊಂಬತ್ತು ಮಂದಿಯಲ್ಲಿ ಬಿಡುವಿಲ್ಲದವರು ಎಷ್ಟು ಮಂದಿ? ೨೦೧೧ರಲ್ಲಿ ವಿಕಿಪೀಡಿಯದ ಬರಹಗಾರರ ಸಮೀಕ್ಷೆ ಮಾಡಿದಾಗ ಹತ್ತು ಮಂದಿಯಲ್ಲಿ ಒಬ್ಬಳೂ ಹೆಂಗಸಿರಲಿಲ್ಲ. ಕಾರಣಗಳು ಹಲವಿವೆ, ಒಲೆಯ ಮುಂದಿನ ಎರಡನೆಯ ಪಾಳಿಗೆ ರಜೆಯಿಲ್ಲವೆಂಬುದು ಅವುಗಳಲ್ಲಿ ಒಂದು. ಕರ್ನಾಟಕದ ವಿಧಾನಮಂಡಲ ೨೦೨೩ರಲ್ಲಿ ಕಾರ್ಖಾನೆ ಕಾಯಿದೆಯನ್ನು ತಿದ್ದಿ ದಿನಕ್ಕೆ ಹನ್ನೆರಡು ಗಂಟೆಯವರೆಗೆ ದುಡಿಸಲು ದಾರಿ ಮಾಡಿಕೊಟ್ಟಿತು, ವಾರಕ್ಕೆ ನಲವತ್ತೆಂಟು ಗಂಟೆಯ ಮಿತಿ ಇಟ್ಟು. ಹನ್ನೆರಡು ಗಂಟೆ ನಿಂತು ಬಂದವನನ್ನು ಹಿಡಿದು "ನೀನೇಕೆ ಜ್ಞಾನದ ಕಟ್ಟಡಕ್ಕೆ ಕಲ್ಲು ತರಲಿಲ್ಲ" ಎಂದು ಕೇಳುವ ಎದೆ ನಮಗಿಲ್ಲ. ಎಂಟು ಗಂಟೆಯ ದುಡಿಮೆಗಾಗಿ ಹೋರಾಡಿದವರು ಕೇಳಿದ್ದು ನಿದ್ದೆಗೆ ಎಂಟು ಗಂಟೆ ಮಾತ್ರವಲ್ಲ, ತಮ್ಮ ಇಷ್ಟದ ಕೆಲಸಕ್ಕೆ ಇನ್ನೆಂಟು ಗಂಟೆ.

ಎರಡನೆಯ ತೊಡಕು ನಿಯಮದ್ದು. ವಿಕಿಪೀಡಿಯದಲ್ಲಿ ಏನು ಬರೆದರೂ ಅಚ್ಚಾದ ಆಧಾರ ತೋರಿಸಬೇಕು. ನಿಯಮ ಒಳ್ಳೆಯದೇ, ಇಲ್ಲದಿದ್ದರೆ ಬಾಯಿಗೆ ಬಂದವನದೇ ಇತಿಹಾಸ. ಆದರೆ ಅಚ್ಚಿನ ಮನೆ ಇದ್ದದ್ದು ಯಾರ ಕೈಯಲ್ಲಿ? ಗಿರಣಿಯ ಮಾಲಿಕರ ಜೀವನಚರಿತ್ರೆ ಅಚ್ಚಾಗಿದೆ. ಬಣ್ಣದ ಖಾತೆಯಲ್ಲಿ ಮೂವತ್ತು ವರ್ಷ ದುಡಿದವನ ಅನುಭವ ಅಚ್ಚಾಗಿಲ್ಲ. ೨೦೧೧ರಲ್ಲಿ ಅಚಲ ಪ್ರಭಾಲ ಎಂಬವರು ಭಾರತದಲ್ಲೂ ದಕ್ಷಿಣ ಆಫ್ರಿಕದಲ್ಲೂ ಒಂದು ಪ್ರಯೋಗ ನಡೆಸಿದರು: ಬಲ್ಲವರ ಬಾಯಿಮಾತನ್ನು ಧ್ವನಿಮುದ್ರಿಸಿ ಅದನ್ನೇ ಆಧಾರವಾಗಿ ಕೊಟ್ಟು ಲೇಖನ ಬರೆಸಿದರು. ಹಳ್ಳಿಯ ಆಟ, ಅಡುಗೆ, ಆಚರಣೆಗಳಂಥ ವಿಷಯಗಳು. ನಿಯಮ ಅದರಿಂದ ಬದಲಾಗಲಿಲ್ಲ. ಆದರೆ ಪ್ರಶ್ನೆ ಎದ್ದು ನಿಂತಿತು, ಇನ್ನೂ ನಿಂತಿದೆ.

ನಿಯಮ ಬದಲಾಗುವವರೆಗೆ ಕಾಯುವುದೇ? ಅದು ಬೇಕಿಲ್ಲ. ಆಧಾರ ಬೇಕಾದರೆ ಆಧಾರವನ್ನೇ ಅಚ್ಚು ಹಾಕಬಹುದು. ಈ ವಾರಪತ್ರಿಕೆ ಇರುವುದು ಮತ್ತೇತಕ್ಕೆ? ಕದಿರು, ಹಾಸು, ಹೊಕ್ಕು, ಲಾಳಿ, ಇಂಥ ನೂರಾರು ಮಾತುಗಳು ನಮ್ಮ ನೇಕಾರರ ಬಾಯಲ್ಲಿವೆ. ಪೇಟೆಯ ತೂಕ, ಅಳತೆ, ದಲಾಲಿಯ ಮಾತುಗಳು ಹಳೆಯ ವರ್ತಕರ ಬಾಯಲ್ಲಿವೆ. ಅವನ್ನು ಹೇಳುವವರು ಹೇಳಲಿ, ಒಬ್ಬರು ಬರೆದುಕೊಳ್ಳಲಿ, ನಾವು ಅಚ್ಚು ಹಾಕುತ್ತೇವೆ. ಆಮೇಲೆ ಬರೆಯುವವನಿಗೆ ತೋರಿಸಲು ಒಂದು ಕಾಗದ ಸಿಕ್ಕಿತು.

ಅರ್ಧ ಗಂಟೆ ಬಿಡುವಿದ್ದವರು ಮಾಡಬಹುದಾದ ಕೆಲಸಗಳೂ ಇವೆ. ವಿಕಿಸೋರ್ಸ್ ಎಂಬ ಇನ್ನೊಂದು ಜಾಗದಲ್ಲಿ ಹಕ್ಕುಸ್ವಾಮ್ಯ ಮುಗಿದ ಹಳೆಯ ಕನ್ನಡ ಪುಸ್ತಕಗಳ ಪುಟದ ಚಿತ್ರ ಒಂದು ಕಡೆ, ಅಕ್ಷರ ಇನ್ನೊಂದು ಕಡೆ ಇರುತ್ತದೆ. ಎರಡನ್ನೂ ಹೋಲಿಸಿ ಕರಡು ತಿದ್ದಬೇಕು. ದಿನಕ್ಕೊಂದು ಪುಟ ತಿದ್ದಿದರೂ ವರ್ಷಕ್ಕೊಂದು ದಪ್ಪ ಪುಸ್ತಕವಾಗುತ್ತದೆ. ನಮ್ಮ ದೇಶದ ಕಾನೂನಿನಂತೆ ಲೇಖಕರು ತೀರಿಕೊಂಡು ಅರವತ್ತು ವರ್ಷ ಕಳೆದ ಪುಸ್ತಕಗಳು ಎಲ್ಲರ ಸೊತ್ತು. ಈಚಿನವರ ಪುಸ್ತಕಗಳನ್ನು ಅಲ್ಲಿ ಹಾಕಬಾರದು. ಫೋಟೋ ತೆಗೆಯಬಲ್ಲ ಹುಡುಗರು ಊರಿನ ಹಳೆಯ ಗಿರಣಿಯ ಹೊಗೆಗೊಳವೆ, ಸಂತೆ, ಕೆರೆ ಇವುಗಳ ಚಿತ್ರ ತೆಗೆದು ಕೊಡಬಹುದು. ಅದಕ್ಕೆ ಅಚ್ಚಾದ ಆಧಾರ ಬೇಡ. ತೆಗೆದವನೇ ಅದರ ಧಣಿ.

ಇದೆಲ್ಲವನ್ನೂ ಒಬ್ಬೊಬ್ಬರೇ ಮನೆಯಲ್ಲಿ ಕುಳಿತು ಕಲಿಯಿರಿ ಎಂದು ಹೇಳಿ ಕೈತೊಳೆದುಕೊಂಡರೆ ನಮ್ಮ ಮಾತಿಗೆ ನಾವೇ ವಿರುದ್ಧವಾದೆವು. ಆದುದರಿಂದ ಮುಂದಿನ ಭಾನುವಾರದಿಂದ ಇದೇ ವಾಚನಾಲಯದಲ್ಲಿ ಕೂಡೋಣ. ಬೆಳಗಿನ ಪಾಳಿಯವರು ಸಂಜೆ ಐದಕ್ಕೆ, ರಾತ್ರಿ ಪಾಳಿಯವರು ಮತ್ತು ಅಂಗಡಿಯವರು ಬೆಳಗ್ಗೆ ಹತ್ತಕ್ಕೆ. ಮೊಬೈಲು ಇದ್ದವರು ತನ್ನಿ, ಇಲ್ಲದವರು ಪಕ್ಕದವರ ಮೊಬೈಲಿನಲ್ಲಿ ನೋಡಿ. ಹೆಂಗಸರು ಮಕ್ಕಳನ್ನು ಕರೆದುಕೊಂಡು ಬರಬಹುದು. ಮಕ್ಕಳನ್ನು ಆಡಿಸಲು ಇಬ್ಬರು ಗಂಡಸರು ಸರದಿಯಂತೆ ಹೊರಗೆ ಕೂರಬೇಕೆಂದು ವಾಚನಾಲಯದ ಸಮಿತಿ ತೀರ್ಮಾನಿಸಿದೆ, ಮೊದಲ ವಾರದ ಇಬ್ಬರ ಹೆಸರೂ ಹಲಗೆಯ ಮೇಲಿದೆ. ಮನೆಯಲ್ಲಿ ಹಳೆಯ ಕರಪತ್ರ, ಸಂಘದ ರಸೀತಿ ಪುಸ್ತಕ, ಅಂಗಡಿ ತೆರೆದಾಗಿನ ಆಮಂತ್ರಣ ಏನಿದ್ದರೂ ತೆಗೆದುಕೊಂಡು ಬನ್ನಿ. ಚಹಾ ವಾಚನಾಲಯದ ಖರ್ಚಿನಲ್ಲಿ.